ಬರೆಯದೆ ಬಿಟ್ಟ ಒಂದು ಸಾಲು

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಅಂಗಡಿ ಎಂದರೆ ಒಂದು ಶಟರ್, ಒಂದು ಟೇಬಲ್, ಗೋಡೆಯ ತುಂಬ ಜೋತುಬಿದ್ದ ವೈರುಗಳು. ನನಗೆ ಮನುಷ್ಯರಿಗಿಂತ ಯಂತ್ರಗಳ ಮೇಲೆ ನಂಬಿಕೆ ಹೆಚ್ಚು ಎಂದು ಹೆಂಡತಿ ಆಗಾಗ ಹೇಳುತ್ತಾಳೆ. ಅವಳು ಹೇಳುವುದು ದೂರೆಂದು. ನಾನು ಬಹಳ ವರ್ಷ ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಗಿರಾಕಿಯೊಬ್ಬ ಬಂದು "ನಾನೇನೂ ಮಾಡಿಲ್ರೀ, ತಾನಾಗೇ ಕೆಟ್ಟೈತಿ" ಎಂದ ಕೂಡಲೇ, ಇವನು ಏನೋ ಮಾಡಿದ್ದಾನೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತಿದ್ದೆ. ಹೆಚ್ಚಿನ ಸಲ ಅದು ಸರಿಯೂ ಆಗಿರುತ್ತಿತ್ತು. ಸರಿಯಾಗದ ಒಂದು ಸಲದ ವಿಷಯ ಬರೆಯುತ್ತಿದ್ದೇನೆ.

ಸೊರಬದ ಒಂದು ಖಾಸಗಿ ಆಸ್ಪತ್ರೆಯಿಂದ ನನಗೆ ಕರೆ ಬಂದದ್ದು ಮಳೆಗಾಲ ಶುರುವಾಗುವ ಹೊತ್ತಿಗೆ. ಆಸ್ಪತ್ರೆ ದೊಡ್ಡದೇನಲ್ಲ. ಮುಂದಿನ ಹಳೇ ಕಟ್ಟಡದಲ್ಲಿ ಡಾಕ್ಟರ ಕೋಣೆ, ಚೀಟಿ ಬರೆಯುವ ಕೌಂಟರ್, ಹತ್ತು ಹಾಸಿಗೆ. ನಡುವೆ ಒಂದು ಅಂಗಳ. ಅಂಗಳದಾಚೆ ಹೊಸದಾಗಿ ಕಟ್ಟಿದ ಲ್ಯಾಬ್. ನಡೆಸುವವರು ಐವತ್ತು ದಾಟಿದ ಡಾಕ್ಟರಮ್ಮ. ಅವರದು ಮಾತು ಕಡಿಮೆ, ಆಡಿದಷ್ಟೂ ಖಾರ.

ಅಲ್ಲಿಯ ತೊಂದರೆ ಇಷ್ಟೇ. ಹಳೇ ಕಟ್ಟಡದ ಕಂಪ್ಯೂಟರುಗಳನ್ನು ಯಾರೋ ಒಂದು ಕಾಲದಲ್ಲಿ ಜೋಡಿಸಿದ್ದರು. ಲ್ಯಾಬಿನವನ್ನು ರಕ್ತ ಪರೀಕ್ಷೆಯ ಯಂತ್ರ ಮಾರಿದವರು ಬಂದು ತಮ್ಮದೇ ಲೆಕ್ಕದಲ್ಲಿ ಜೋಡಿಸಿ, ಇವುಗಳ ವಿಳಾಸ ಬದಲಾಯಿಸಿದರೆ ನಾವು ಜವಾಬ್ದಾರರಲ್ಲ ಎಂದು ಹೇಳಿ ಹೋಗಿದ್ದರು. ಹೀಗಾಗಿ ಒಂದೇ ಆಸ್ಪತ್ರೆಯಲ್ಲಿ ಎರಡು ನೆಟ್‌ವರ್ಕ್. ಅಂಗಳದ ಈಚೆಯ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಮಾತಾಡುತ್ತಿದ್ದವು, ಆಚೆಯವು ತಮ್ಮತಮ್ಮಲ್ಲೇ. ಒಂದು ಗುಂಪಿಗೆ ಇನ್ನೊಂದು ಗುಂಪು ಇದೆ ಎಂಬುದೇ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ರಿಪೋರ್ಟ್ ಸಿದ್ಧವಾದರೆ ಅದನ್ನು ಪ್ರಿಂಟ್ ತೆಗೆದು, ನೀಲಿ ಪ್ಲಾಸ್ಟಿಕ್ ಟ್ರೇಯಲ್ಲಿಟ್ಟು, ಒಬ್ಬ ಹೆಂಗಸು ಅಂಗಳ ದಾಟಿ ಡಾಕ್ಟರಮ್ಮನ ಟೇಬಲ್ಲಿಗೆ ಮುಟ್ಟಿಸುತ್ತಿದ್ದರು.

ಆ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರಮ್ಮನಿಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಆಸ್ಪತ್ರೆ ಶುರುವಾದಾಗಿನಿಂದ ಅಲ್ಲೇ ಆಯಾ ಕೆಲಸ. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದೂ ಅದರಿಂದಲೇ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಟ್ರೇ ಹಿಡಿದು, ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಆ ಅಂಗಳ ದಾಟುತ್ತಿದ್ದರು. ಮೊಣಕಾಲು ನೋವು ಅದಾಗಲೇ ಶುರುವಾಗಿತ್ತು.

ನಾನು ಮೊದಲ ದಿನ ಅಳತೆ ತೆಗೆದುಕೊಳ್ಳುತ್ತಿರುವಾಗ ಅವರು ಟ್ರೇ ಹಿಡಿದುಕೊಂಡೇ ಬಂದು ಪಕ್ಕದಲ್ಲಿ ನಿಂತರು.

"ಇದು ಬಂದ್ಮೇಲೆ ಕಾಗ್ದ ತಗಂಡು ಓಡಾಡದು ಇರಲ್ವಂತೆ?"

"ಇರಲ್ಲಕ್ಕ. ಅಲ್ಲಿ ಬಟನ್ ಒತ್ತಿದ್ರೆ ಇಲ್ಲಿ ಬರ್ತತಿ."

"ಮತ್ತೆ ನಾನು?"

ಆ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕೆಲಸವಲ್ಲ ಎಂದುಕೊಂಡು ಟೇಪನ್ನು ಇನ್ನೊಂದು ಗೋಡೆಯತ್ತ ಎಳೆದೆ.

ಉತ್ತರ ಹೇಳಿದವರು ಡಾಕ್ಟರಮ್ಮ. ಹೊಸ ಯಂತ್ರ ಇಡಲು ಸ್ಟೋರ್ ರೂಮಿನ ಒಂದು ಮೂಲೆ ತೋರಿಸಿ, ಆ ರೂಮಿನ ಕೀಲಿಯನ್ನು ಅಕ್ಕನ ಕೈಗೆ ಕೊಟ್ಟರು. "ಇನ್ಮೇಲೆ ಇದನ್ನ ನೋಡ್ಕೊಳ್ಳೋದು ನಿನ್ ಕೆಲ್ಸ. ಧೂಳು ಕೂರಬಾರ್ದು, ಇಲಿ ಬರಬಾರ್ದು, ಬೇರೆ ಯಾರೂ ಮುಟ್ಟಬಾರ್ದು" ಎಂದರು. ಅಕ್ಕ ಕೀಲಿಯನ್ನು ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಕೆಲಸ ಉಳಿಯಿತು ಎಂಬ ನಿರಾಳ ಅವರ ಮುಖದಲ್ಲಿ ಕಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಯಂತ್ರವೆಂದರೆ ಹೊಸದೇನಲ್ಲ. ಸಲೈನ್ ಬಾಟಲಿಯ ಪೆಟ್ಟಿಗೆಗಳ ಹಿಂದೆ ಬಿದ್ದಿದ್ದ ಒಂದು ಹಳೇ ಕಂಪ್ಯೂಟರ್. ತೆರೆದಾಗ ಒಳಗೆ ಹಲ್ಲಿಯ ಮೊಟ್ಟೆಯ ಚಿಪ್ಪುಗಳಿದ್ದವು. ಊದಿ, ಒರೆಸಿ, ಎರಡನೆಯ ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿದೆ. ಒಂದು ಕಾರ್ಡಿಗೆ ಹಳೇ ಕಟ್ಟಡದ ವೈರ್, ಇನ್ನೊಂದಕ್ಕೆ ಅಂಗಳದಡಿ ಪೈಪಿನೊಳಗೆ ತಂದ ಲ್ಯಾಬಿನ ವೈರ್. ಎರಡು ಕಡೆಯೂ ಅದಕ್ಕೆ ಒಂದೊಂದು ವಿಳಾಸ. ಬಳಿಕ ಪ್ರತಿಯೊಂದು ಕಂಪ್ಯೂಟರಿನ ಮುಂದೆ ಕೂತು, ನಿನಗೆ ಪರಿಚಯವಿಲ್ಲದ ವಿಳಾಸಕ್ಕೆ ಏನಾದರೂ ಕಳಿಸಬೇಕಾದರೆ ಈ ಯಂತ್ರದ ಕೈಗೆ ಕೊಡು ಎಂದು ಬರೆದಿಡಬೇಕು. ಅದಕ್ಕೆ ಅರ್ಧ ದಿನ ಹಿಡಿಯಿತು. ಇಂಥ ಯಂತ್ರವನ್ನು ನಮ್ಮ ಕಸುಬಿನಲ್ಲಿ ಗೇಟ್‌ವೇ ಎನ್ನುತ್ತಾರೆ.

ಅಕ್ಕ ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಎರಡೂ ವೈರು ಇದ್ರೊಳಗೇ ಬಂತಲ್ಲ, ಇನ್ನೇನು ದಾಟ್ತದಾ?" ಎಂದು ಕೇಳಿದರು.

ಪ್ರಶ್ನೆ ಸರಿಯಾಗಿತ್ತು. ದಾಟುವುದಿಲ್ಲ. ಎರಡು ವೈರು ಸಿಕ್ಕಿಸಿದ ಮಾತ್ರಕ್ಕೆ ಕಂಪ್ಯೂಟರ್ ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ಬಿಡುವುದಿಲ್ಲ. ತನಗೆ ಬಂದದ್ದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಸಾಕುತ್ತದೆ. ಒಂದು ಕಡೆ ಸೊನ್ನೆ ಎಂದು ಬರೆದಿರುತ್ತದೆ, ಅದನ್ನು ಒಂದು ಎಂದು ಮಾಡಬೇಕು. ಆಗ ಮಾತ್ರ ದಾಟಿಸಲು ಶುರು ಮಾಡುತ್ತದೆ. ಇದನ್ನು ನಾನು ನನಗೆ ತೋಚಿದ ಹಾಗೆ ಹೇಳಿದೆ.

"ತೂಬು ಅನ್ರಿ" ಎಂದರು ಅಕ್ಕ.

ಅವರ ತವರು ಅಂಬ್ಲಿಗೊಳದ ಕಾಲುವೆ ಬದಿಯ ಒಂದು ಹಳ್ಳಿ. ಅವರಪ್ಪ ಊರಿಗೆ ನೀರುಗಂಟಿಯಾಗಿದ್ದರಂತೆ. ಯಾವ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಂಡು ತೂಬಿನ ಬಾಗಿಲು ಎತ್ತುವುದು, ಇಳಿಸುವುದು ಅವರ ಕೆಲಸ. "ನೀರು ಬಂದು ನಿಂತಿರ್ತದೆ. ಗದ್ದೇನೂ ಕಾಯ್ತಿರ್ತದೆ. ತೂಬು ಎತ್ತಾರು ಎತ್ತಿದ್ರೆ ಸರಿ, ಇಲ್ದಿದ್ರೆ ಇಲ್ಲ" ಎಂದರು.

"ಹೂಂ, ಹಂಗೇ ಅನ್ಕಳ್ರಿ" ಎಂದು ಒಂದು ಸಾಲಿನ ಆಜ್ಞೆ ಟೈಪ್ ಮಾಡಿ ಸೊನ್ನೆಯನ್ನು ಒಂದು ಮಾಡಿದೆ. ಲ್ಯಾಬಿನ ಟೆಕ್ನಿಷಿಯನ್ ಮೇಡಂಗೆ ಕೂಗಿ ಹೇಳಿದೆ. ಅವರು ಅಲ್ಲಿ ಬಟನ್ ಒತ್ತಿದರು. ಡಾಕ್ಟರಮ್ಮನ ಟೇಬಲ್ಲಿನ ಪರದೆಯ ಮೇಲೆ ಯಾರದೋ ಹಿಮೋಗ್ಲೋಬಿನ್ ಮೂಡಿತು. ಡಾಕ್ಟರಮ್ಮ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಆಮೇಲೆ ಒಂದು ಬಿಳಿ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ "ಇದನ್ನು ಆಫ್ ಮಾಡಬಾರದು" ಎಂದು ಬರೆದು ಯಂತ್ರದ ಹಣೆಗೆ ಅಂಟಿಸಿದೆ. ಎರಡು ಬ್ಯಾಟರಿಯ ಇನ್ವರ್ಟರ್ ಇತ್ತು. ಕರೆಂಟ್ ಹೋದರೂ ಚಿಂತೆಯಿಲ್ಲ. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಊರಿಗೆ ಬಂದೆ. ಕೆಲಸ ಚೊಕ್ಕವಾಗಿ ಆಗಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಮಳೆಗಾಲವೆಲ್ಲ ಯಂತ್ರ ಒಂದು ನಿಮಿಷವೂ ನಿಲ್ಲದೆ ಓಡಿತು. ಲ್ಯಾಬಿನಲ್ಲಿ ಪ್ರಿಂಟ್ ತೆಗೆಯುವುದನ್ನೇ ಬಿಟ್ಟರು. ನೀಲಿ ಟ್ರೇಯಲ್ಲಿ ಈಗ ಹತ್ತಿ ಉಂಡೆ ಇಡುತ್ತಿದ್ದರು. ಅಕ್ಕ ದಿನಾ ಬೆಳಿಗ್ಗೆ ಸ್ಟೋರ್ ರೂಮಿನ ಬಾಗಿಲು ತೆಗೆದು, ಒಣಬಟ್ಟೆಯಲ್ಲಿ ಯಂತ್ರ ಒರೆಸಿ, ಎರಡೂ ಕಡೆಯ ಹಸಿರು ದೀಪ ಮಿಣುಕುತ್ತಿವೆಯೇ ಎಂದು ನೋಡಿ ಬಾಗಿಲು ಹಾಕುತ್ತಿದ್ದರಂತೆ. ಉಳಿದ ಹೊತ್ತು ರೋಗಿಗಳ ಸರದಿ ಕೂಗುವುದು, ಮುದುಕರನ್ನು ಕೈಹಿಡಿದು ಮೆಟ್ಟಿಲು ಹತ್ತಿಸುವುದು. ಆದರೆ ಯಾರಾದರೂ ನಿಮ್ಮ ಕೆಲಸವೇನು ಎಂದು ಕೇಳಿದರೆ ಕೊರಳಿನ ಕೀಲಿ ತೋರಿಸುತ್ತಿದ್ದರು ಎಂದು ಟೆಕ್ನಿಷಿಯನ್ ಮೇಡಂ ಆಮೇಲೆ ನನಗೆ ಹೇಳಿದರು.

ಆಯುಧ ಪೂಜೆಯ ದಿನ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಗಡಿಬಿಡಿ. ಶಟರಿಗೆ ಬಾಳೆಕಂದು ಕಟ್ಟುತ್ತ ಏಣಿಯ ಮೇಲಿದ್ದೆ. ಬೂದುಗುಂಬಳ ಇನ್ನೂ ಬಂದಿರಲಿಲ್ಲ. ಆಗ ಅಕ್ಕನ ಫೋನ್ ಬಂತು. ಹೆಗಲಿಗೂ ಕಿವಿಗೂ ನಡುವೆ ಫೋನ್ ಒತ್ತಿಕೊಂಡು ಮಾತಾಡಿದೆ.

"ಇವತ್ತು ಪೂಜೆಗೆ ಅದನ್ನ ಆಫ್ ಮಾಡ್ಬೇಕಿತ್ತು" ಎಂದರು.

"ಆನ್ ಇದ್ದಾಗ್ಲೇ ಕುಂಕುಮ ಹಚ್ಚಿ ಬಿಡ್ರಿ ಅಕ್ಕ."

"ಹಂಗೆ ಮಾಡ್ತಾರೇನ್ರಿ? ಎತ್ತಿಗಾದ್ರೂ ನೊಗ ಇಳ್ಸಿ ಪೂಜೆ ಮಾಡ್ತಾರೆ. ದುಡಿಯದನ್ನ ಒಂದಿನ ಕೂರಿಸ್ಬೇಕು. ಹೋದ್ವರ್ಷದ ತನಕ ನಾನು ಟ್ರೇಗೆ ಪೂಜೆ ಮಾಡ್ತಿದ್ದೆ, ಅವತ್ತು ಅದನ್ನ ಮುಟ್ತಿರ್ಲಿಲ್ಲ. ಈಗ ನನ್ ಆಯುಧ ಇದೇ ಅಲ್ವಾ? ಆದ್ರೆ ನೀವು ಆಫ್ ಮಾಡ್ಬಾರ್ದು ಅಂತ ಬರ್ದು ಅಂಟ್ಸೀರಿ. ಅದಕ್ಕೇ ಕೇಳ್ದೆ."

ಏಣಿ ಅಲ್ಲಾಡಿತು. "ಮಾಡ್ರಿ ಮಾಡ್ರಿ" ಎಂದೆ. "ಆಮ್ಯಾಲೆ ಬಟನ್ ಒತ್ತಿದ್ರೆ ಆತು. ತಾನಾಗೇ ಶುರುವಾಗ್ತತಿ. ಏನೂ ಮಾಡೋದು ಬ್ಯಾಡ."

ಅವರು ನಾನು ಹೇಳಿದಂತೆಯೇ ಮಾಡಿದರು. ಯಂತ್ರವನ್ನು ಆಫ್ ಮಾಡಿ, ಒರೆಸಿ, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಕೈಮುಗಿದರು. ವಿಜಯದಶಮಿಯ ಬೆಳಿಗ್ಗೆ ಹೂವು ತೆಗೆದು ಬಟನ್ ಒತ್ತಿದರು. ಹಸಿರು ದೀಪ ಎರಡೂ ಮಿಣುಕಿದವು. ಹಬ್ಬದ ಆ ಎರಡೂ ದಿನ ಆಸ್ಪತ್ರೆಗೆ ರಜೆ.

ಮರುದಿನ ಹಬ್ಬ ಮುಗಿಸಿದ ಜನ ಒಟ್ಟಿಗೇ ಬಂದರು, ಹೆಚ್ಚಿನವರಿಗೆ ಜ್ವರ. ಲ್ಯಾಬಿನಲ್ಲಿ ಟೆಕ್ನಿಷಿಯನ್ ಮೇಡಂ ಒಂದೊಂದೇ ರಿಪೋರ್ಟ್ ಕಳಿಸುತ್ತ ಹೋದರು. ಇಲ್ಲಿ ಡಾಕ್ಟರಮ್ಮ ಲ್ಯಾಬಿನಲ್ಲಿ ತಡವಾಗುತ್ತಿದೆ ಎಂದುಕೊಂಡು ಕಾಯುತ್ತ ಹೋದರು. ನಡುವಿನ ಯಂತ್ರ ಎಲ್ಲವನ್ನೂ ತೆಗೆದುಕೊಂಡು ಸುಮ್ಮನೆ ಬಿಸಾಕುತ್ತಿತ್ತು. ಬಾಗಿಲ ಹತ್ತಿರದ ಬೆಂಚಿನ ಮೇಲೆ ಜ್ವರದಿಂದ ನಡುಗುತ್ತ ಒಬ್ಬಳು ಬಸುರಿ ಕೂತಿದ್ದಳು. ಅವಳ ರಕ್ತದಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿದ್ದನ್ನು ಲ್ಯಾಬ್ ಬೆಳಿಗ್ಗೆಯೇ ಕಂಡುಹಿಡಿದಿತ್ತು. ಅದು ಡಾಕ್ಟರಮ್ಮನಿಗೆ ತಿಳಿದದ್ದು ಮಧ್ಯಾಹ್ನ, ಮೇಡಂ ಊಟಕ್ಕೆಂದು ಅಂಗಳ ದಾಟಿ ಬಂದು, ಆಕೆಯನ್ನು ಇನ್ನೂ ಯಾಕೆ ಅಡ್ಮಿಟ್ ಮಾಡಿಕೊಂಡಿಲ್ಲ ಎಂದು ಕೇಳಿದಾಗ. ತಕ್ಷಣ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ತಾಯಿ ಮಗು ಇಬ್ಬರೂ ಉಳಿದರು ಎಂದು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಅದು ಗೊತ್ತಾದದ್ದು ಮರುದಿನ.

ಡಾಕ್ಟರಮ್ಮ ನನಗೆ ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು, ಸಿಟ್ಟಿಗೋ ಹೆದರಿಕೆಗೋ ತಿಳಿಯಲಿಲ್ಲ. ನಾನು ಎಂದಿನಂತೆ ಮೊದಲು ಕೇಳಿದ್ದು ಒಂದೇ.

"ಯಾರಾದ್ರೂ ಆಫ್ ಮಾಡಿದ್ರೇನ್ರಿ ಮೇಡಂ?"

ಫೋನು ಸ್ಪೀಕರಿನಲ್ಲಿತ್ತು. ಅಕ್ಕನ ದನಿ ದೂರದಿಂದ ಕೇಳಿಸಿತು. "ನಾನೇ ಮಾಡಿದ್ದು. ಪೂಜೆಗೆ. ಅವ್ರನ್ನ ಕೇಳೇ ಮಾಡಿದ್ದು."

"ಹೌದೇನ್ರಿ? ನಿಮ್ಮನ್ನ ಕೇಳಿದ್ಲಾ?" ಎಂದರು ಡಾಕ್ಟರಮ್ಮ.

ಆ ಕ್ಷಣಕ್ಕೆ ನನಗೆ ನೆನಪಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಏಣಿ, ಬಾಳೆಕಂದು, ಹೆಗಲಿಗೆ ಒತ್ತಿದ ಫೋನು, ಎಲ್ಲ ಕಣ್ಣಿಗೆ ಕಟ್ಟಿತು. "ಹಬ್ಬದ ಗಡಿಬಿಡಿ, ಸರಿಯಾಗಿ ನೆನಪಿಲ್ಲ ಮೇಡಂ. ಆಫ್ ಮಾಡ್ಬಾರ್ದು ಅಂತ ಬರ್ದೇ ಅಂಟಿಸಿದ್ನಲ್ರೀ" ಎಂದೆ.

ಡಾಕ್ಟರಮ್ಮ ನನಗಲ್ಲ, ಅಕ್ಕನಿಗೆ ಹೇಳಿದ್ದು ಕೇಳಿಸಿತು. "ಓಡಾಡೋ ಕೆಲ್ಸ ಯಂತ್ರ ಮಾಡ್ತಿದೆ. ಅದನ್ನ ಅದರ ಪಾಡಿಗೆ ಬಿಡೋ ಒಂದು ಕೆಲ್ಸ ಕೊಟ್ಟಿದ್ದೆ. ಅದೂ ಆಗ್ಲಿಲ್ಲ. ನಾಳೆ ಅವ್ರು ಬಂದಾಗ ಕೀಲಿ ಕೊಟ್ಟು ಮನೇಗ್ ಹೋಗು."

ಮರುದಿನ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ: ಹಳೇ ಯಂತ್ರ, ದಿಢೀರನೆ ನಿಲ್ಲಿಸಿದ್ದಕ್ಕೆ ಏನೋ ಕೆಟ್ಟಿರಬೇಕು. ಕೆಟ್ಟಿರಲಿ ಎಂದು ಆಸೆಪಟ್ಟೆ. ಕೆಟ್ಟಿದ್ದರೆ ತಪ್ಪು ನನ್ನದಲ್ಲ.

ಅಕ್ಕ ಸ್ಟೋರ್ ರೂಮಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಕೀಲಿ ಕೊರಳಿನಿಂದ ಕೈಗೆ ಬಂದಿತ್ತು. ಬಾಗಿಲು ತೆಗೆದುಕೊಟ್ಟು ಮತ್ತೆ ಕೂತರು. ಯಂತ್ರದ ಮೇಲೆ ನನ್ನ ಕಾಗದ ಹಾಗೇ ಇತ್ತು. ಅದರ ಅಂಚು ಕೊಳೆಯಾಗದಂತೆ ಕುಂಕುಮವನ್ನು ಪಕ್ಕಕ್ಕೆ ಹಚ್ಚಿದ್ದರು.

ಏನೂ ಕೆಟ್ಟಿರಲಿಲ್ಲ. ಪರದೆ ತೆರೆದು ಆ ಒಂದು ಜಾಗ ನೋಡಿದೆ. ಸೊನ್ನೆ.

ಸುಮ್ಮನೆ ಟೈಪ್ ಮಾಡಿ ಕೊಟ್ಟ ಆಜ್ಞೆ ಯಂತ್ರಕ್ಕೆ ಆಫ್ ಆಗುವ ತನಕ ಮಾತ್ರ ನೆನಪಿರುತ್ತದೆ. ಶಾಶ್ವತವಾಗಿ ಇರಬೇಕಾದರೆ ಅದೇ ಮಾತನ್ನು ಒಂದು ಫೈಲಿನಲ್ಲಿ ಒಂದು ಸಾಲಾಗಿ ಬರೆದಿಡಬೇಕು. ಕಸುಬು ಕಲಿಯುವವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಸಂಗತಿ. ನಾನು ಅಂದು ಬರೆದಿರಲಿಲ್ಲ. ಬಸ್ಸಿನ ಹೊತ್ತಾಗಿತ್ತೋ, ಡಾಕ್ಟರಮ್ಮನ "ಪರವಾಗಿಲ್ಲ" ತಲೆಗೇರಿತ್ತೋ, ಈಗ ಹೇಳಲಾರೆ. ಇಡೀ ಮಳೆಗಾಲ ಯಂತ್ರ ಒಮ್ಮೆಯೂ ನಿಲ್ಲದೇ ಇದ್ದದ್ದರಿಂದ ನನ್ನ ಮರೆವು ಯಾರಿಗೂ ಕಾಣಲಿಲ್ಲ.

ಸೊನ್ನೆಯನ್ನು ಒಂದು ಮಾಡಿದೆ. ಆಚೆಯ ಕೋಣೆಯಲ್ಲಿ ನಿನ್ನೆಯಿಂದ ಕಾಯುತ್ತಿದ್ದ ಪರದೆಗೆ ರಿಪೋರ್ಟುಗಳು ಬರತೊಡಗಿದವು.

"ಸರಿ ಹೋತಾ?" ಎಂದರು ಅಕ್ಕ.

"ಹೋತು."

"ಎಂತ ಆಗಿತ್ತು?"

ನಾನು ಪರದೆಯತ್ತ ತಿರುಗಿದೆ. ಅವರು ಪರದೆಯನ್ನೂ ನನ್ನ ಮುಖವನ್ನೂ ನೋಡಿದರು. ಕೊರಗಲಿಲ್ಲ, ದನಿ ಏರಿಸಲಿಲ್ಲ. ಬೇರೆ ಯಾರದೋ ಗದ್ದೆಯ ಮಾತಾಡುವಂತೆ ಮಾತಾಡಿದರು.

"ತೂಬು ಇಳ್ದಿತ್ತಾ?"

"ಹೂಂ."

"ನಾನು ಆಫ್ ಮಾಡಿದ್ಕೆ ಇಳೀತು. ಬಟನ್ ಒತ್ತಿದ್ರೆ ತಾನಾಗೇ ಎತ್ಕಳಲ್ವಾ?"

"ಇಲ್ಲಕ್ಕ."

"ಮತ್ತೆ ತಾನಾಗೇ ಶುರುವಾಗ್ತತಿ, ಏನೂ ಮಾಡದು ಬ್ಯಾಡ ಅಂದ್ರಲ್ಲ ನೀವು?" ಕೈಯಲ್ಲಿದ್ದ ಕೀಲಿ ನೋಡುತ್ತ ಹೇಳಿದರು. "ನಮ್ಮಪ್ಪ ಯಾವತ್ತಾದ್ರೂ ಮದ್ವೆಗೋ ತಿಥಿಗೋ ಊರು ಬಿಟ್ಟು ಹೋಗದು ಇದ್ರೆ, ತೂಬು ಇಳ್ಸಿ, ನಾಳೆ ಎತ್ತಾರು ಯಾರು ಅಂತ ಒಬ್ರಿಗೆ ಹೇಳೇ ಹೋಗ್ತಿದ್ದ. ಎಷ್ಟು ಗೇಣು ಎತ್ಬೇಕು ಅಂತ ಕೋಲಲ್ಲಿ ಗುರ್ತು ಮಾಡಿಟ್ಟು ಹೋಗ್ತಿದ್ದ. ಎತ್ದಿದ್ರೆ ತಪ್ಪು ಎತ್ತಾರದು. ಹೇಳ್ದೇ ಹೋಗಿದ್ರೆ ತಪ್ಪು ಅವಂದೇ. ನೀವು ನಂಗೆ ಹೇಳಿದ್ರೆ ನಾನು ಎತ್ತಿರ್ತಿದ್ದೆ ತಮ್ಮಾ."

ಅವರು ನನ್ನನ್ನು ತಮ್ಮ ಎಂದದ್ದು ಅದೇ ಮೊದಲು. ನನಗೆ ತುಂಬ ನಾಚಿಕೆಯಾಯಿತು. ಯಂತ್ರ ಕೆಟ್ಟರೆ ಕಾರಣ ಹುಡುಕಿ ತೆಗೆಯುತ್ತೇನೆ ಎಂದು ಬೀಗುತ್ತಿದ್ದವನ ಎದುರು, ಏಳನೇ ಕ್ಲಾಸು ಓದಿದ ಹೆಂಗಸು ಸ್ಟೂಲಿನ ಮೇಲೆ ಕೂತುಕೊಂಡೇ ಕಾರಣ ಹುಡುಕಿ ಕೈಗಿಟ್ಟಿದ್ದರು.

ಆ ಫೈಲು ತೆರೆದೆ. ಆ ಸಾಲು ಬರೆಯಲು ಕೀಬೋರ್ಡಿನ ಮೇಲೆ ಕೈಯಿಟ್ಟೆ. ಆಗ ಹೊಳೆಯಿತು. ಇದನ್ನು ಬರೆದರೆ ಯಂತ್ರಕ್ಕೆ ಇನ್ನು ಯಾರೂ ಬೇಡ. ಯಾರೇ ಆಫ್ ಮಾಡಲಿ, ಆನ್ ಆದ ಕೂಡಲೇ ತಾನಾಗಿ ದಾಟಿಸತೊಡಗುತ್ತದೆ. ನಾನು ಒಳಗೆ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡರೂ, ಇನ್ನು ಮುಂದೆ ಹೀಗಾಗದ ಹಾಗೆ ಮಾಡಿದ್ದೀರಾ ಎಂದು ಡಾಕ್ಟರಮ್ಮ ಕೇಳುತ್ತಾರೆ. ಮಾಡಿದ್ದೇನೆ, ಯಾರೂ ನೋಡಿಕೊಳ್ಳಬೇಕಿಲ್ಲ ಎನ್ನಬೇಕಾಗುತ್ತದೆ. ಅಕ್ಕನ ಮೇಲಿನ ಆಪಾದನೆ ಹೋಗುತ್ತದೆ. ಕೆಲಸ ವಾಪಸು ಬರುವುದಿಲ್ಲ.

ನಾನು ಯಾವ ಕೆಲಸವನ್ನೂ ಬೇಕೆಂದು ಅರ್ಧ ಮಾಡಿದವನಲ್ಲ. ಅವತ್ತು ಆ ಸಾಲು ಬರೆಯದೆ ಫೈಲು ಮುಚ್ಚಿದೆ.

ಒಳಗೆ ಹೋಗಿ ನಿಂತುಕೊಂಡೇ ಹೇಳಿದೆ. "ಮೇಡಂ, ಅಕ್ಕ ನನ್ನ ಕೇಳಿದ್ರು. ಮಾಡ್ರಿ ಅಂತ ನಾನೇ ಹೇಳಿದ್ದೆ. ನೆನಪಿಲ್ಲ ಅಂದಿದ್ದು ಸುಳ್ಳು. ಆನ್ ಆದ್ಮೇಲೆ ಒಂದು ಆಜ್ಞೆ ಕೊಡ್ಬೇಕಿತ್ತು, ಅದನ್ನ ಅವ್ರಿಗೆ ಹೇಳಿಕೊಟ್ಟಿರ್ಲಿಲ್ಲ. ತಪ್ಪು ನಂದು."

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಷ್ಟೂ ನನಗೆ ಸಲ್ಲಬೇಕಾದದ್ದೇ. ಕೊನೆಗೆ ಕೇಳಿದರು.

"ಅಂದ್ರೆ ಇದು ನಿಂತು ಶುರುವಾದಾಗೆಲ್ಲ ಒಬ್ರು ಆ ಆಜ್ಞೆ ಕೊಡ್ಬೇಕಾ?"

"ಕೊಡ್ಬೇಕು ಮೇಡಂ."

"ನೀವು ಶಿಕಾರಿಪುರದಿಂದ ಬಂದು ಕೊಡ್ತೀರಾ?"

"ಅಕ್ಕನಿಗೆ ಕಲಿಸಿ ಹೋಗ್ತೀನಿ."

ಹೇಳಿದ್ದು ನಿಜ. ಪೂರ್ತಿ ನಿಜವಲ್ಲ. ಅವರು ಸ್ವಲ್ಪ ಯೋಚಿಸಿ, ಕಿಟಕಿಯಿಂದಲೇ ಹೊರಗೆ ಕೂಗಿದರು. "ಕೀಲಿ ಇಟ್ಕೋ. ಬಂದು ಕಲ್ತ್ಕೋ."

ಒಂದು ರಟ್ಟಿನ ಮೇಲೆ ಆ ಆಜ್ಞೆಯನ್ನು ಬಿಡಿಬಿಡಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟೆ. ಅಕ್ಕನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ರಟ್ಟಿನ ಮೇಲಿನ ಆಕಾರವನ್ನು ಕೀಬೋರ್ಡಿನ ಮೇಲೆ ಹುಡುಕಿ, ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರು. ಓರೆ ಗೆರೆ ಸಿಕ್ಕಲು ಬಹಳ ಹೊತ್ತು ಹಿಡಿಯಿತು. ಮೂರು ಸಲ ಯಂತ್ರವನ್ನು ನಿಲ್ಲಿಸಿ, ಮೂರು ಸಲ ಎತ್ತಿಸಿದೆ. ಮೂರನೆಯ ಸಲ ನಾನು ಬಾಯಿ ತೆಗೆಯಲಿಲ್ಲ. ಡಾಕ್ಟರಮ್ಮನ ಕೋಣೆಯಿಂದ "ಬಂತು" ಎಂಬ ಕೂಗು ಬಂದಾಗ ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡು ನಕ್ಕರು.

ಅಂಟಿಸಿದ್ದ ಕಾಗದವನ್ನು ನಾನೇ ಕಿತ್ತೆ.

ಆಮೇಲೆ ಹಲವು ವರ್ಷ ಆ ಯಂತ್ರವನ್ನು ಅಕ್ಕ ನಡೆಸಿದರು. ಸಿಡಿಲಿಗೆ ಇನ್ವರ್ಟರ್ ಕೈಕೊಟ್ಟಾಗ, ಬ್ಯಾಟರಿ ಹಳೆಯದಾದಾಗ, ಗೋಡೆಗೆ ಸುಣ್ಣ ಹೊಡೆಯುವವರು ಪ್ಲಗ್ ಕಿತ್ತಾಗ, ಡಾಕ್ಟರಮ್ಮ "ಅಕ್ಕಾ, ತೂಬು" ಎಂದು ಕೂಗುತ್ತಿದ್ದರಂತೆ. ಅಕ್ಕ ಕೀಲಿ ತೆಗೆದು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಸ್ಟೂಲಿನ ಮೇಲೆ ಕೂತು, ರಟ್ಟು ಮುಂದಿಟ್ಟುಕೊಂಡು ಒತ್ತುತ್ತಿದ್ದರು. ನಾಲ್ಕೈದು ತಿಂಗಳಲ್ಲಿ ರಟ್ಟು ನೋಡುವುದನ್ನೂ ಬಿಟ್ಟರು. ಪ್ರತಿ ವರ್ಷ ಆಯುಧ ಪೂಜೆಯ ಬೆಳಿಗ್ಗೆ ನನಗೆ ಫೋನ್ ಬರುತ್ತಿತ್ತು. "ಆಫ್ ಮಾಡ್ಲೇನು ತಮ್ಮಾ?" ನನ್ನ ಅಪ್ಪಣೆ ಬೇಕಾಗಿರಲಿಲ್ಲ, ಆದರೂ ಕೇಳುತ್ತಿದ್ದರು. "ಮಾಡ್ರಿ ಅಕ್ಕ" ಎನ್ನುತ್ತಿದ್ದೆ. ಆ ಫೋನ್ ಬರುವ ತನಕ ನಾನು ಏಣಿ ಹತ್ತುತ್ತಿರಲಿಲ್ಲ.

ಬರೆಯದೆ ಬಿಟ್ಟ ಸಾಲಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ನನ್ನ ಕಸುಬಿನವರು ಯಾರಾದರೂ ಆ ಯಂತ್ರ ತೆರೆದು ನೋಡಿದರೆ ನನ್ನ ಮಾನ ಹೋಗುತ್ತದೆ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಹೋಗಲಿ ಎಂದೂ ಅನ್ನಿಸುತ್ತಿತ್ತು.

ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪದಾದಾಗ ಅಕ್ಕ ತಾವಾಗಿಯೇ ಕೆಲಸ ಬಿಡುತ್ತೇನೆಂದರು. ಈ ವರ್ಷದ ಬೇಸಿಗೆಯಲ್ಲಿ. ಹೊಸಬರಿಗೆ ಆಜ್ಞೆ ಕಲಿಸಿಕೊಡಿ ಎಂದು ಡಾಕ್ಟರಮ್ಮ ನನ್ನನ್ನು ಕರೆಸಿದರು. ನಾನು ಹೋದಾಗ ಅಕ್ಕ ಅದೇ ಸ್ಟೂಲಿನ ಮೇಲೆ ಕೂತಿದ್ದರು. ರಟ್ಟಿನ ಅಂಚು ಸವೆದು ಮೂಲೆಗಳಲ್ಲಿ ಅರಿಶಿನ ಕುಂಕುಮ ಹತ್ತಿತ್ತು. ಹೊಸಬರು ಯಾರೆಂದು ಕೇಳಿದೆ.

"ಯಾರೂ ಇಲ್ಲ" ಎಂದರು. "ಆ ಸಾಲು ಬರ್ದ್‌ಬಿಡ್ರಿ ತಮ್ಮಾ ಈಗ."

ನಾನು ಅವರ ಮುಖ ನೋಡಿದೆ.

"ಲ್ಯಾಬಿನ ಮೇಡಂ ಮೊದ್ಲನೇ ವರ್ಷನೇ ಮೊಬೈಲಲ್ಲಿ ನೋಡಿ ಹೇಳಿದ್ರು. ಒಂದು ಸಾಲು ಬರ್ದಿಟ್ರೆ ಅದು ತಾನಾಗೇ ಎತ್ಕಳ್ತದಂತೆ, ಅವ್ರು ಮರ್ತಿರ್ಬೇಕು, ಡಾಕ್ಟ್ರಮ್ಮಂಗೆ ಹೇಳ್ತೀನಿ ಅಂದ್ರು. ಅವ್ರು ಮರ್ತಿಲ್ಲ, ನೀವು ಸುಮ್ನಿರಿ ಅಂದೆ ನಾನು."

ಇಷ್ಟು ವರ್ಷ ನಾನು ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಎಲ್ಲ ತಿಳಿದುಕೊಂಡೇ, ನನ್ನ ಗುಟ್ಟನ್ನೂ ಕಾದುಕೊಂಡು ಕೂತಿದ್ದರು.

ಫೈಲು ತೆರೆದು ಸಾಲು ಬರೆದೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. ಯಂತ್ರ ನಿಲ್ಲಿಸಿ ಮತ್ತೆ ಶುರು ಮಾಡಿದೆ. ನಾವಿಬ್ಬರೂ ಕೈಕಟ್ಟಿಕೊಂಡು ನೋಡುತ್ತಿದ್ದೆವು. ಅಕ್ಕನ ತೋರುಬೆರಳು ಮಾತ್ರ ಅಭ್ಯಾಸಬಲದಿಂದ ಮೊಣಕಾಲಿನ ಮೇಲೆ ಮೆಲ್ಲಗೆ ಆಡುತ್ತಿತ್ತು. ಯಾರೂ ಏನೂ ಒತ್ತದೆ ಆಚೆಯ ಕೋಣೆಯಲ್ಲಿ ರಿಪೋರ್ಟ್ ಬಂತು. "ಬಂತು" ಎಂದು ಈ ಸಲ ಯಾರೂ ಕೂಗಲಿಲ್ಲ.

ಅಕ್ಕ ಕೊರಳಿನ ದಾರ ತೆಗೆದು ಕೀಲಿಯನ್ನು ಡಾಕ್ಟರಮ್ಮನ ಟೇಬಲ್ಲಿನ ಮೇಲಿಟ್ಟರು. ರಟ್ಟನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಮೊನ್ನೆ ಆಯುಧ ಪೂಜೆಯ ಬೆಳಿಗ್ಗೆ ಬಾಳೆಕಂದು ತಂದಿಟ್ಟು, ಏಣಿಯನ್ನು ಗೋಡೆಗೆ ಒರಗಿಸಿ, ನಾನು ಬಹಳ ಹೊತ್ತು ಅಂಗಡಿಯ ಮುಂದೆ ನಿಂತಿದ್ದೆ. ಸೊರಬದಲ್ಲಿ ಆ ಯಂತ್ರವನ್ನು ಯಾರೂ ಆಫ್ ಮಾಡಲಿಲ್ಲ. ಆಫ್ ಮಾಡಲೇ ಎಂದು ನನಗೆ ಯಾರೂ ಫೋನೂ ಮಾಡಲಿಲ್ಲ.